ಬಲಗಡೆಯ ಲೇನ್ ಬಳಸುವ ಕ್ರಮ: ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಓವರ್‌ಟೇಕ್ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಮುಂಬೈ, ಠಾಣೆ, ಡೊಂಬಿವಲಿಗಳಿಂದ ಪುಣೆಗೋ, ಪುಣೆ ದಾಟಿ ಊರಿಗೋ ಕಾರಿನಲ್ಲಿ ಹೊರಡುವ ನಮ್ಮವರಿಂದ ಎರಡು ದೂರುಗಳು ಸದಾ ಕೇಳಿಬರುತ್ತವೆ. ‘ಬಲಗಡೆಯ ಲೇನಿನಲ್ಲಿ ಮುಂದಿನವನು ದಾರಿಯನ್ನೇ ಬಿಡಲಿಲ್ಲ’ ಎನ್ನುವುದು ಒಂದು. ‘ಹಿಂದಿನವನು ಬೆನ್ನಿಗಂಟಿಕೊಂಡು ಲೈಟ್ ಹೊಡೆಯುತ್ತಲೇ ಇದ್ದ’ ಎನ್ನುವುದು ಇನ್ನೊಂದು. ಎರಡನ್ನೂ ಹೇಳುವವರು ಎಷ್ಟೋ ಸಲ ಒಬ್ಬರೇ ಆಗಿರುತ್ತಾರೆ, ಅದೂ ಒಂದೇ ಪ್ರಯಾಣದ ಬಗ್ಗೆ.

ಎಡವಟ್ಟಾಗುವುದು ಕ್ರಮದಲ್ಲಿ. ಬಲಕ್ಕೆ ಹೋಗುವುದನ್ನು ಎಲ್ಲರೂ ಯೋಚಿಸುತ್ತಾರೆ, ಎಡಕ್ಕೆ ಮರಳುವುದನ್ನು ಬಲಕ್ಕೆ ಹೋದ ಮೇಲೆ ಯೋಚಿಸುತ್ತಾರೆ. ಕೆಳಗಿನ ಹಂತಗಳು ಇದನ್ನು ತಿರುಗಿಸಿ ಇಡುತ್ತವೆ: ಮರಳುವ ಜಾಗ ಮೊದಲು, ಹೊರಬರುವುದು ಆಮೇಲೆ.

ಯಾವ ಲೇನ್ ಯಾರದು

ಕಳಂಬೋಲಿಯಿಂದ ಕಿವಳೆಯವರೆಗಿನ ಸುಮಾರು 94.5 ಕಿಲೋಮೀಟರ್ ರಸ್ತೆಯಲ್ಲಿ ಒಂದೊಂದು ದಿಕ್ಕಿಗೆ ಮೂರು ಲೇನ್‌ಗಳಿವೆ. ಎಡಗಡೆಯದು ಲಾರಿ, ಕಂಟೇನರ್‌ಗಳಂಥ ಭಾರೀ ವಾಹನಗಳಿಗೆ. ನಡುವಿನದು ಕಾರುಗಳು ನೆಮ್ಮದಿಯಾಗಿ ಸಾಗುವುದಕ್ಕೆ. ಬಲಗಡೆಯದು ಓವರ್‌ಟೇಕ್‌ಗೆ ಮಾತ್ರ. ಕಾರುಗಳ ವೇಗದ ಮಿತಿ ಸಮತಟ್ಟು ಭಾಗದಲ್ಲಿ ಗಂಟೆಗೆ 100, ಘಾಟಿಯಲ್ಲಿ 60 ಕಿಲೋಮೀಟರ್. ಬೈಕು, ರಿಕ್ಷಾ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ.

ಇಲ್ಲಿ ಒಂದು ವಾದ ಖಂಡಿತ ಎದುರಾಗುತ್ತದೆ: ‘ಮಿತಿಯೇ 100, ನಾನು 100ರಲ್ಲೇ ಇದ್ದೇನೆ, ಹಿಂದಿನವನಿಗೆ ಯಾಕೆ ದಾರಿ ಬಿಡಬೇಕು?’ ಬಿಡಬೇಕು. ಅವನ ವೇಗವನ್ನು ನೋಡಿಕೊಳ್ಳಲು ಕ್ಯಾಮೆರಾಗಳಿವೆ, ನಿಮ್ಮನ್ನು ಯಾರೂ ಆ ಕೆಲಸಕ್ಕೆ ನೇಮಿಸಿಲ್ಲ. ಜೊತೆಗೆ ಕಾರಿನ ಸ್ಪೀಡೋಮೀಟರ್‌ಗಳು ನಿಜವಾದ ವೇಗಕ್ಕಿಂತ ತುಸು ಹೆಚ್ಚೇ ತೋರಿಸುತ್ತವೆ. ಮುಳ್ಳು 100ರ ಮೇಲಿದ್ದಾಗ ಕಾರು 100ರಲ್ಲಿ ಇರುವುದು ಅಪರೂಪ.

ಹಂತ 1: ಹೊರಡುವ ಮೊದಲು

ಮೊದಲು ಸೀಟು, ಆಮೇಲೆ ಕನ್ನಡಿ. ಸೀಟು ಸರಿಪಡಿಸದೆ ಕನ್ನಡಿ ತಿರುಗಿಸಿದರೆ ಲೋಣಾವಳಾ ಮುಟ್ಟುವ ಹೊತ್ತಿಗೆ ನೀವು ಜಾರಿ ಕುಳಿತಿರುತ್ತೀರಿ, ಕನ್ನಡಿ ಆಕಾಶ ತೋರಿಸುತ್ತಿರುತ್ತದೆ. ಒಳಗನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಕಾಣಬೇಕು. ಹೊರಗನ್ನಡಿಗಳಲ್ಲಿ ನಿಮ್ಮ ಕಾರಿನ ಮೈ ಒಂದು ಗೆರೆಯಷ್ಟು ಕಂಡರೆ ಸಾಕು. ತಮ್ಮದೇ ಕಾರಿನ ಹಿಂಬಾಗಿಲನ್ನು ಕನ್ನಡಿಯ ತುಂಬ ನೋಡುತ್ತ ಓಡಿಸುವವರಿಗೆ ಪಕ್ಕದ ಲೇನ್ ಕಾಣುವುದೇ ಇಲ್ಲ.

ಟೈರ್ ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗ, ಬಾಗಿಲ ಬದಿಯ ಚೀಟಿಯಲ್ಲಿರುವ ಅಳತೆಗೆ ತುಂಬಿಸಿ. ಇದು ಕಾಂಕ್ರೀಟ್ ರಸ್ತೆ. ಕಡಿಮೆ ಗಾಳಿಯ ಟೈರು ಬೇಸಿಗೆಯಲ್ಲಿ ಒಂದೇ ಸಮನೆ ಓಡಿದರೆ ಕಾದು ಸಿಡಿಯುವ ಅಪಾಯವಿದೆ. ಟೈರಿನ ಗೋಡೆಯ ಮೇಲಿನ ನಾಲ್ಕಂಕಿ ನೋಡಿ: 2319 ಎಂದಿದ್ದರೆ 2019ರ 23ನೇ ವಾರದ್ದು. ಹಳೆಯದಾದರೆ ಟೈರಿನ ಮೇಲಿನ ಗೀರುಗಳು ಎಷ್ಟೇ ಆಳವಿದ್ದರೂ ಅದನ್ನು ನಂಬಿ ಬಲಗಡೆಯ ಲೇನಿಗೆ ಹೋಗಬೇಡಿ.

ಫಾಸ್ಟ್ಯಾಗ್‌ನಲ್ಲಿ ಹಣ, ವೈಪರ್, ನಾಲ್ಕೂ ಇಂಡಿಕೇಟರ್, ಹಿಂದೆ ಕೂತವರಿಗೂ ಸೀಟ್ ಬೆಲ್ಟ್. ಇಷ್ಟಾದರೆ ಹೊರಡಬಹುದು.

ಹಂತ 2: ಟೋಲ್ ದಾಟಿದ ತಕ್ಷಣ ನಡು ಲೇನ್ ಹಿಡಿಯುವುದು

ಖಾಲಾಪುರ ಟೋಲ್ ನಾಕಾದ ಆಚೆ ಬದಿಯನ್ನು ಒಮ್ಮೆ ಗಮನಿಸಿ. ಸಾಲು ಸಾಲು ಬೂತ್‌ಗಳಿಂದ ಹೊರಬಿದ್ದ ಗಾಡಿಗಳು ಮೂರೇ ಲೇನಿಗೆ ಇಳಿಯಬೇಕು. ಎಡಗಡೆಯ ಬೂತ್‌ನಿಂದ ಬಂದ ಕಾರು ಓರೆಯಾಗಿ ಬಲತುದಿಗೆ ನುಗ್ಗುತ್ತದೆ. ಬಲಗಡೆಯ ಬೂತ್‌ನಲ್ಲಿ ಸಿಕ್ಕಿಕೊಂಡಿದ್ದ ಕಂಟೇನರ್ ಎಡಕ್ಕೆ ಹೋಗಬೇಕಾದದ್ದು ವೇಗ ಹತ್ತುವವರೆಗೂ ಬಲಕ್ಕೇ ತೆವಳುತ್ತದೆ. ಈ ಕತ್ತರಿಯ ನಡುವೆ ಅವಸರಪಟ್ಟರೆ ಗಳಿಸುವುದು ಏನೂ ಇಲ್ಲ.

ನೇರವಾಗಿ ಬನ್ನಿ, ನಡು ಲೇನ್ ಹಿಡಿಯಿರಿ, ವೇಗ ಏರಿಸಿ, ಮುಂದಿನ ಗಾಡಿಯಿಂದ ಮೂರು ಸೆಕೆಂಡ್ ದೂರ ಇಟ್ಟುಕೊಳ್ಳಿ. ಅಳೆಯುವುದು ಸುಲಭ. ಮುಂದಿನ ಗಾಡಿ ಒಂದು ಫಲಕವನ್ನು ದಾಟಿದಾಗ ಎಣಿಕೆ ಶುರು ಮಾಡಿ, ಮೂರು ಮುಗಿಯುವ ಮೊದಲೇ ನೀವು ಅದೇ ಫಲಕ ಮುಟ್ಟಿದರೆ ಹತ್ತಿರ ಹೋಗಿದ್ದೀರಿ. 100ರ ವೇಗದಲ್ಲಿ ಮೂರು ಸೆಕೆಂಡ್ ಎಂದರೆ ಸುಮಾರು 83 ಮೀಟರ್. ಅಷ್ಟು ಜಾಗ ಬಿಟ್ಟರೆ ಯಾರಾದರೂ ನುಗ್ಗುತ್ತಾರೆ ಎನ್ನುವುದು ನಿಜ. ನುಗ್ಗಲಿ. ಮತ್ತೆ ಮೂರು ಎಣಿಸಿ. ಮಳೆಗಾಲದಲ್ಲಿ ಐದು ಎಣಿಸಿ.

ಹಂತ 3: ಮರಳುವ ಜಾಗವನ್ನು ಮೊದಲು ನೋಡುವುದು

ನಡು ಲೇನಿನಲ್ಲಿ ನಿಮ್ಮ ಮುಂದೆ 60ರಲ್ಲಿ ಲಾರಿಯೊಂದು ಹೋಗುತ್ತಿದೆ ಎನ್ನಿ. ಇಂಡಿಕೇಟರ್‌ಗೆ ಕೈ ಹಾಕುವ ಮೊದಲು ಒಂದೇ ಪ್ರಶ್ನೆ: ಅದರ ಮುಂದೆ ನಾನು ಇಳಿಯುವ ಜಾಗ ಇದೆಯೇ?

ಲೆಕ್ಕ ಹೀಗಿದೆ. ಲಾರಿಯ ಹಿಂದೆ 35 ಮೀಟರ್‌ನಿಂದ ಹೊರಟು, 12 ಮೀಟರ್ ಲಾರಿಯನ್ನು ದಾಟಿ, ಅದರ ಮುಂದೆ 35 ಮೀಟರ್ ಬಿಟ್ಟು ಒಳಗೆ ಬರಬೇಕು. ನಿಮ್ಮ ಕಾರಿನ ಉದ್ದ ಸೇರಿದರೆ ಲಾರಿಗಿಂತ ಸುಮಾರು 86 ಮೀಟರ್ ಹೆಚ್ಚು ಓಡಬೇಕು. ನೀವು 80ರಲ್ಲಿದ್ದರೆ ಇದಕ್ಕೆ ಹದಿನೈದು ಸೆಕೆಂಡಿಗೂ ಮಿಕ್ಕಿ ಬೇಕು, ಅಷ್ಟರಲ್ಲಿ ಕಾರು 340 ಮೀಟರ್ ಸಾಗಿರುತ್ತದೆ. 90ರಲ್ಲಿದ್ದರೆ ಹತ್ತು ಸೆಕೆಂಡ್. 70ರಲ್ಲಿದ್ದರೆ ಅರ್ಧ ನಿಮಿಷ! ಲಾರಿಗಿಂತ ಹತ್ತೇ ಕಿಲೋಮೀಟರ್ ಹೆಚ್ಚಿನ ವೇಗದಲ್ಲಿ ಬಲಕ್ಕೆ ಬಂದು ಪಕ್ಕದಲ್ಲೇ ತೇಲುತ್ತಿರುವ ಕಾರುಗಳೇ ಹಿಂದೆ ಹತ್ತಾರು ಗಾಡಿಗಳ ಬಾಲ ಬೆಳೆಸುವುದು. ಇಪ್ಪತ್ತರಷ್ಟಾದರೂ ವ್ಯತ್ಯಾಸ ಸಿಗದಿದ್ದರೆ ಹೊರಬರಬೇಡಿ.

ಲಾರಿಯೇ ಲಾರಿಯನ್ನು ದಾಟಲು ಹೊರಟಾಗ ಏನಾಗುತ್ತದೆ ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ. 45ರ ಲಾರಿಯನ್ನು 50ರ ಲಾರಿ ದಾಟಲು ಒಂದು ನಿಮಿಷಕ್ಕೂ ಮಿಕ್ಕಿ ಬೇಕು. ಏರು ಬಂದರೆ ಎರಡೂ ಜೋಡೆತ್ತಿನಂತೆ ಸಮಸಮ ನಡೆಯುತ್ತವೆ. ಅಂಥ ಜೋಡಿ ದೂರದಿಂದಲೇ ಕಂಡರೆ ಅಲ್ಲಿಂದಲೇ ಕಾಲು ಸಡಿಲಿಸಿ. ಬಳಿಗೆ ಹೋಗಿ ಬ್ರೇಕ್ ಹಾಕಿ ಶಪಿಸುವುದರಲ್ಲಿ ಅರ್ಥವಿಲ್ಲ.

ಸಾಮಾನ್ಯ ತಪ್ಪು: ನಾಲ್ಕು ಲಾರಿಗಳ ಸಾಲನ್ನು ಒಂದೇ ಉಸಿರಿಗೆ ದಾಟಲು ಹೊರಟು ಮಧ್ಯದಲ್ಲಿ ಮನಸ್ಸು ಬದಲಿಸುವುದು. ಒಂದೊಂದಾಗಿ ದಾಟಲು ನಡುವೆ ಜಾಗವಿಲ್ಲ ಎಂದಾದರೆ ಇಡೀ ಸಾಲನ್ನು ಒಂದೇ ಲಾರಿ ಎಂದು ಲೆಕ್ಕ ಹಾಕಿ.

ಹಂತ 4: ಹೊರಬರುವುದು

ಕ್ರಮ ತಪ್ಪಬಾರದು: ಒಳಗನ್ನಡಿ, ಬಲಗನ್ನಡಿ, ಇಂಡಿಕೇಟರ್, ಮತ್ತೊಮ್ಮೆ ಬಲಗನ್ನಡಿ, ಬಲಭುಜದ ಮೇಲಿಂದ ಒಂದು ಕಣ್ಣೋಟ, ಆಮೇಲೆ ಸ್ಟಿಯರಿಂಗ್. ಇಂಡಿಕೇಟರ್ ಮೂರು ಸಲವಾದರೂ ಮಿನುಗಬೇಕು. ಸ್ಟಿಯರಿಂಗ್ ತಿರುಗಿಸುತ್ತ ಇಂಡಿಕೇಟರ್ ಹಾಕುವುದು ಆಗಿಹೋದ ಕೆಲಸದ ಸುದ್ದಿ ತಿಳಿಸಿದಂತಷ್ಟೇ.

ಹಿಂದೆ ದೂರದಲ್ಲಿ ಕಾಣುವ ಕಾರಿನ ವೇಗವನ್ನು ಕನ್ನಡಿಯಲ್ಲಿ ಒಂದೇ ನೋಟಕ್ಕೆ ಅಳೆಯಲಾಗುವುದಿಲ್ಲ. ಎರಡು ಸೆಕೆಂಡ್ ಬಿಟ್ಟು ಮತ್ತೆ ನೋಡಿ. ಅಷ್ಟರಲ್ಲೇ ಅದು ಎದ್ದು ಕಾಣುವಷ್ಟು ದೊಡ್ಡದಾಗಿದ್ದರೆ ಅದು ಹೋಗಲಿ, ನಿಮ್ಮ ಸರದಿ ಆಮೇಲೆ.

ವೇಗ ಹೆಚ್ಚಿಸುವುದು ನಡು ಲೇನಿನಲ್ಲೇ ಆರಂಭವಾಗಬೇಕು. ಲಾರಿಯ ಬಾಲ ಮುಟ್ಟುವವರೆಗೆ ಕಾದು, 60ರಲ್ಲೇ ಬಲಕ್ಕೆ ಹೊರಳಿ, ಅಲ್ಲಿ ಗೇರ್ ಇಳಿಸಿ ಒದ್ದಾಡುವವರು ಹಿಂದಿನ 100ರ ಕಾರಿಗೆ ಗೋಡೆಯಾಗುತ್ತಾರೆ.

ಸುರಂಗದೊಳಗೆ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗುವ ಚಾಳಿಯನ್ನು ದಯವಿಟ್ಟು ಬಿಡಿ. ಮಳೆಯಲ್ಲೂ ಅಷ್ಟೇ. ಆ ದೀಪ ನಿಂತ ಗಾಡಿಗಾಗಿ ಇರುವುದು. ಓಡುವ ಗಾಡಿಯಲ್ಲಿ ಹಾಕಿದರೆ ನೀವು ಯಾವ ಬದಿಗೆ ಹೊರಳುತ್ತೀರಿ ಎಂದು ಹೇಳುವ ಮಾರ್ಗವೇ ಮುಚ್ಚಿತು. ಸುರಂಗಕ್ಕೆ ಲೋ ಬೀಮ್ ಸಾಕು, ಒಳಗೆ ಲೇನ್ ಬದಲಿಸುವುದೂ ಬೇಡ.

ಹಂತ 5: ದಾಟುವುದು, ಮರಳುವುದು

ಲಾರಿಯ ಪಕ್ಕದಲ್ಲಿ ಇರುವಷ್ಟೂ ಹೊತ್ತು ನೋಡಬೇಕಾದದ್ದು ಅದರ ಮುಂದಿನ ಬಲಚಕ್ರವನ್ನು. ಇಂಡಿಕೇಟರ್ ಇಲ್ಲದ ಲಾರಿಗಳುಂಟು, ಇದ್ದೂ ಹಾಕದ ಚಾಲಕರುಂಟು. ಆದರೆ ಚಕ್ರ ತಿರುಗದೆ ಲಾರಿ ಹೊರಳುವುದಿಲ್ಲ. ಚಕ್ರದ ಅಂಚು ಬಿಳಿ ಗೆರೆಯತ್ತ ಸರಿಯತೊಡಗಿದರೆ ಒಂದು ಚಿಕ್ಕ ಹಾರ್ನ್ ಕೊಡಿ, ವೇಗ ಇಳಿಸಿ. ಇನ್ನೊಂದು ಪರೀಕ್ಷೆ: ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ. ಅಂಥ ಜಾಗದಲ್ಲಿ ಮಾತನಾಡುತ್ತ ತೇಲಬೇಡಿ, ದಾಟಿಬಿಡಿ.

ಮರಳುವಾಗ ಒಳಗನ್ನಡಿಯನ್ನು ನಂಬಿ. ಲಾರಿಯ ಎರಡೂ ಹೆಡ್‌ಲೈಟ್, ಅದರ ಮುಂದಿನ ರಸ್ತೆಯ ಒಂದು ತುಂಡು, ಇಷ್ಟು ಕಂಡ ಮೇಲೆ ಎಡ ಇಂಡಿಕೇಟರ್ ಹಾಕಿ ನಿಧಾನ ಒಳಗೆ ಬನ್ನಿ. ಎಡಗಡೆಯ ಹೊರಗನ್ನಡಿ ಉಬ್ಬುಗನ್ನಡಿ, ಹತ್ತಿರದ್ದನ್ನೂ ದೂರವಾಗಿ ತೋರಿಸುತ್ತದೆ. ಬರೀ ಅದನ್ನು ನೋಡಿ ಹೊರಳಿದವರು ತುಂಬಿದ ಲಾರಿಯ ಮೂಗಿನೆದುರು ಬಂದು ಬೀಳುತ್ತಾರೆ. ಒಳಗೆ ಬಂದ ಮೇಲೆ ಬ್ರೇಕ್ ಮುಟ್ಟಬೇಡಿ. ನೀವು ನಿಲ್ಲಿಸುವಷ್ಟು ದೂರದಲ್ಲಿ ಅದು ನಿಲ್ಲುವುದಿಲ್ಲ.

ಮುಂದಿನ ಲಾರಿ ಅರ್ಧ ಕಿಲೋಮೀಟರ್ ದೂರದಲ್ಲಿ ಕಂಡರೂ ಎಡಕ್ಕೆ ಮರಳಬೇಕೇ? ಹಿಂದೆ ಯಾರಾದರೂ ಬರುತ್ತಿದ್ದರೆ ಹೌದು. ‘ಹೇಗೂ ಮತ್ತೆ ದಾಟಬೇಕಲ್ಲ’ ಎಂದು ಬಲದಲ್ಲೇ ಉಳಿಯುವುದರಿಂದಲೇ ಈ ರಸ್ತೆಯ ಮುಕ್ಕಾಲು ಜಗಳ ಹುಟ್ಟುತ್ತದೆ.

ಹಂತ 6: ಮುಂದಿನವನು ದಾರಿ ಬಿಡದಿದ್ದರೆ

ಮೂರು ಸೆಕೆಂಡಿನ ದೂರದಿಂದಲೇ ಡಿಪ್ಪರ್ ಕೊಡಿ, ಎಂದರೆ ಹೆಡ್‌ಲೈಟ್ ಮಿನುಗಿಸಿ. ಒಮ್ಮೆ. ಹತ್ತು ಸೆಕೆಂಡ್ ಕಾದು ಇನ್ನೊಮ್ಮೆ. ಬಲ ಇಂಡಿಕೇಟರ್ ಹಾಕಿಟ್ಟುಕೊಳ್ಳುವ ರೂಢಿಯೂ ಇದೆ, ತಪ್ಪೇನಿಲ್ಲ. ಅದಕ್ಕಿಂತ ಹೆಚ್ಚಿನದು ಯಾವುದೂ ಕೆಲಸ ಮಾಡುವುದಿಲ್ಲ. ಮದುವೆ ಮನೆಯಲ್ಲಿ ಮುಂದಿನ ಪಂಕ್ತಿಯವರು ಕುರ್ಚಿಯ ಬೆನ್ನು ಹಿಡಿದು ನಿಂತರೆ ಉಣ್ಣುವವನು ಬೇಗ ಏಳುತ್ತಾನೆಯೇ? ಮಜ್ಜಿಗೆಯನ್ನು ಇನ್ನೊಮ್ಮೆ ಕೇಳುತ್ತಾನೆ.

ಅವನು ಬಿಡದಿರಲು ಕಾರಣಗಳೂ ಇರಬಹುದು. ಅವನ ಮುಂದೆ ಇನ್ನೂ ಐದು ಕಾರುಗಳಿವೆಯೇ ನೋಡಿ. ಇದ್ದರೆ ಅವನನ್ನು ತಳ್ಳಿ ಏನು ಸುಖ? ಎಡಗಡೆ ಲಾರಿ ಸಾಲು ಇದ್ದರೆ ಅವನಿಗೂ ಇಳಿಯಲು ಜಾಗವಿಲ್ಲ. ಮುಂದೆ ಖಾಲಿ, ಎಡಗಡೆಯೂ ಖಾಲಿ, ಆದರೂ ಬಿಡಲಿಲ್ಲ ಎಂದರೆ ಅವನು ಫೋನಿನಲ್ಲಿದ್ದಾನೆ, ಇಲ್ಲವೇ ಹಟದಲ್ಲಿದ್ದಾನೆ. ಎರಡರಲ್ಲಿ ಯಾವುದಾದರೂ ನೀವು ಅವನ ಹತ್ತಿರ ಇರಬಾರದು.

ಎಡದಿಂದ ದಾಟಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಅದನ್ನು ಓವರ್‌ಟೇಕ್ ಮಾಡುವ ವಿಧಾನವೆಂದು ರೂಢಿಸಿಕೊಳ್ಳಬೇಡಿ. ನಮ್ಮಲ್ಲಿ ಚಾಲಕ ಬಲಗಡೆ ಕೂರುತ್ತಾನೆ. ಲಾರಿಯ ಎಡಮಗ್ಗುಲಿನಲ್ಲಿ ಒಂದು ಕಾರು ಪೂರ್ತಿ ಅಡಗುವಷ್ಟು ಜಾಗ ಅವನಿಗೆ ಕಾಣದು. ಬಲದ ಲೇನಿನಲ್ಲಿ ಕೂತ ಲಾರಿ ನಿಮ್ಮ ಡಿಪ್ಪರ್ ನೋಡಿ ಎಡಕ್ಕೆ ಬರುವುದೂ, ನೀವು ಎಡದಿಂದ ನುಗ್ಗುವುದೂ ಒಂದೇ ಕ್ಷಣಕ್ಕೆ ಸೇರಿದರೆ ಯಾರ ತಪ್ಪು ಎಂಬ ಚರ್ಚೆಗೆ ನೀವು ಇರುವುದಿಲ್ಲ. ನೀವು ಮೊದಲಿನಿಂದಲೂ ನಡು ಲೇನಿನಲ್ಲಿ ನೇರವಾಗಿ ಹೋಗುತ್ತಿದ್ದು, ಬಲದ ಗಾಡಿಯೇ ನಿಧಾನವಾಗಿದ್ದರೆ ಅದು ಬೇರೆ ಮಾತು. ಆಗಲೂ ಒಂದು ಹಾರ್ನ್ ಕೊಟ್ಟು, ಅದರ ಪಕ್ಕದಲ್ಲಿ ನಿಲ್ಲದೆ, ತಕ್ಷಣ ಬಲಕ್ಕೆ ಹೊರಳದೆ ಮುಂದೆ ಸಾಗಿ. ರಸ್ತೆಯಂಚಿನ ಪಟ್ಟಿಯಿಂದಂತೂ ಯಾವತ್ತೂ ದಾಟಬೇಡಿ. ಅಲ್ಲಿ ಕೆಟ್ಟು ನಿಂತ ಲಾರಿಗಳು, ಜಾಕ್ ಹಾಕಿ ಟೈರ್ ಬಿಚ್ಚುತ್ತಿರುವ ಕ್ಲೀನರ್‌ಗಳು ಇರುತ್ತಾರೆ.

ಕೋಪ ನೆತ್ತಿಗೇರಿದಾಗ ಈ ಲೆಕ್ಕ ನೆನಪಿರಲಿ: ಐದು ಕಿಲೋಮೀಟರ್ ಪೂರ್ತಿ 100ರ ಬದಲು 80ರಲ್ಲಿ ಹೋದರೆ ಕಳೆದುಕೊಳ್ಳುವುದು 45 ಸೆಕೆಂಡ್. ಫುಡ್ ಮಾಲ್‌ನಲ್ಲಿ ವಡಾಪಾವ್‌ನ ಕೂಪನ್ ಸಾಲಿನಲ್ಲಿ ಅದರ ಹತ್ತು ಪಟ್ಟು ನಗುನಗುತ್ತ ನಿಲ್ಲುತ್ತೇವೆ.

ಹಂತ 7: ಹಿಂದಿನವನು ಅಂಟಿಕೊಂಡರೆ

ನೀವು ದಾಟುತ್ತಿರುವ ಕೆಲಸವನ್ನು ಮುಗಿಸಿ. ಅವನ ಗದ್ದಲಕ್ಕೆ ಬೆದರಿ ಎರಡು ಲಾರಿಗಳ ನಡುವಿನ ಸಂದಿಗೆ ತೂರಿಕೊಳ್ಳಬೇಡಿ. ಎಡ ಇಂಡಿಕೇಟರ್ ಹಾಕಿ ಹೋಗುತ್ತಿದ್ದರೆ ‘ಜಾಗ ಸಿಕ್ಕ ತಕ್ಷಣ ಬಿಡುತ್ತೇನೆ’ ಎಂದು ಅವನಿಗೆ ತಿಳಿಯುತ್ತದೆ, ಹೆಚ್ಚಿನವರು ಅಷ್ಟಕ್ಕೇ ತಣ್ಣಗಾಗುತ್ತಾರೆ. ರಾತ್ರಿಯಾದರೆ ಒಳಗನ್ನಡಿಯ ಕೆಳಗಿನ ಪುಟ್ಟ ಸನ್ನೆಗೋಲನ್ನು ಎಳೆಯಿರಿ, ಹೈ ಬೀಮ್ ಕಣ್ಣಿಗೆ ಕುಕ್ಕುವುದಿಲ್ಲ.

ಬ್ರೇಕ್ ಒತ್ತಿ ಹೆದರಿಸುವುದು, ಬೇಕೆಂದೇ ನಿಧಾನ ಮಾಡುವುದು, ಅವನು ದಾಟಿದ ಮೇಲೆ ಬೆನ್ನಟ್ಟಿ ಲೈಟ್ ಹೊಡೆಯುವುದು, ಇವು ಮೂರೂ ಅಪಘಾತಕ್ಕೆ ಅರ್ಜಿ. ಕಾರಿನೊಳಗಿನ ಪ್ರಚೋದಕರ ಬಗ್ಗೆಯೂ ಎಚ್ಚರವಿರಲಿ. ‘ಮಾವ, ಅವನನ್ನು ಬಿಡಬೇಡಿ’ ಎನ್ನುವ ಅಳಿಯ ಹಿಂದಿನ ಸೀಟಿನಲ್ಲಿ ಇದ್ದೇ ಇರುತ್ತಾನೆ. ಅವನ ಕೈಗೆ ಚಕ್ಕುಲಿ ಡಬ್ಬಿ ಕೊಡಿ.

ಯಾರಾದರೂ ಅಡ್ಡಗಟ್ಟಲು ನೋಡಿದರೆ ಗಾಜು ಇಳಿಸಬೇಡಿ, ಕಾರು ನಿಲ್ಲಿಸಿ ಇಳಿಯಬೇಡಿ. ಮುಂದಿನ ಟೋಲ್ ನಾಕಾ ಅಥವಾ ಫುಡ್ ಮಾಲ್‌ನ ಬೆಳಕಿನವರೆಗೆ ಹೋಗಿ, ಪಕ್ಕದಲ್ಲಿ ಕೂತವರು 112ಕ್ಕೆ ಕರೆ ಮಾಡಲಿ.

ಆಂಬುಲೆನ್ಸ್ ಬಂದರೆ ಈ ಯಾವ ಲೆಕ್ಕವೂ ಇಲ್ಲ, ಮೊದಲ ಸಂದಿಗೇ ಎಡಕ್ಕೆ ಸರಿಯಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಂತೆ ಅದಕ್ಕೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಹಂತ 8: ಖಂಡಾಳಾ ಘಾಟಿ

ಖೋಪೋಲಿಯಿಂದ ಮೇಲೆ ಹತ್ತುವಾಗ ಮೇಲಿನ ಲೆಕ್ಕಗಳೆಲ್ಲ ಬದಲಾಗುತ್ತವೆ. ತುಂಬಿದ ಲಾರಿ ನಡಿಗೆಗಿಂತ ತುಸು ಹೆಚ್ಚಿನ ವೇಗದಲ್ಲಿ ಏರುತ್ತಿರುತ್ತದೆ, ತಿರುವಿನಾಚೆ ದಿಢೀರನೆ ಎದುರಾಗುತ್ತದೆ. ಹಳೆಯ ಮುಂಬೈ–ಪುಣೆ ಹೆದ್ದಾರಿಯ ವಾಹನಗಳೂ ಘಾಟಿಯ ಒಂದು ಭಾಗದಲ್ಲಿ ಬಂದು ಸೇರುತ್ತವೆ. ಶನಿವಾರ ಬೆಳಿಗ್ಗೆ ಪುಣೆಯತ್ತ ಹೊರಟವರು ಇಲ್ಲಿ ಓವರ್‌ಟೇಕ್ ಮಾಡುವ ಆಸೆಯನ್ನೇ ಕೆಳಗಿಳಿಸಿ ಬರುವುದು ಲೇಸು.

ಆಟೋಮ್ಯಾಟಿಕ್ ಕಾರಿನವರು ಗೇರ್ ಅನ್ನು ಕೈಯಿಂದ ಹಿಡಿದಿಟ್ಟುಕೊಳ್ಳಿ. ಇಲ್ಲದಿದ್ದರೆ ಲಾರಿಯ ಪಕ್ಕಕ್ಕೆ ಬಂದ ಮೇಲೆ ಕಾರು ಗೇರ್ ಹುಡುಕುತ್ತ ಉಸಿರು ಬಿಡುತ್ತದೆ.

ಮುಂಬೈಯತ್ತ ಇಳಿಯುವುದು ಇನ್ನೂ ಅಪಾಯದ ಕೆಲಸ. ಮೂರನೆಯ ಗೇರಿನಲ್ಲಿ ಎಂಜಿನ್ ಹಿಡಿತದ ಮೇಲೆ ಇಳಿಯಿರಿ, ನ್ಯೂಟ್ರಲ್ ಬೇಡವೇ ಬೇಡ. ಎಚ್ಚರಿಕೆಯ ಚಿಹ್ನೆಗಳು ಮೂರು: ಸುಟ್ಟ ರಬ್ಬರಿನಂಥ ಬ್ರೇಕ್ ವಾಸನೆ, ಲಾರಿಯ ಹಿಂಚಕ್ರಗಳಿಂದ ಹೊಗೆ, ಬಿಡುವಿಲ್ಲದೆ ಹಾರ್ನ್ ಬಾರಿಸುತ್ತ ಇಳಿಯುವ ಗಾಡಿ. ಮೊದಲ ಎರಡು ನಿಮ್ಮ ಮುಂದಿದ್ದರೆ ಹಿಂದೆಯೇ ಉಳಿಯಿರಿ, ದಾಟಿ ಅದರ ಎದುರಿಗೆ ಹೋಗಬೇಡಿ. ಮೂರನೆಯದು ಹಿಂದಿನಿಂದ ಬಂದರೆ ಯಾವ ಲೇನ್ ಎಂದು ನೋಡದೆ ಅದರ ದಾರಿಯಿಂದ ಹೊರಬನ್ನಿ.

ಜುಲೈ, ಆಗಸ್ಟ್‌ನಲ್ಲಿ ಮೋಡ ರಸ್ತೆಗೇ ಇಳಿಯುತ್ತದೆ. ಮುಂದಿನ ಗಾಡಿಯ ಕೆಂಪು ದೀಪವಷ್ಟೇ ಕಾಣುವಾಗ ಲೋ ಬೀಮ್‌ನಲ್ಲಿ ನಿಮ್ಮ ಲೇನಿನಲ್ಲೇ ಇರಿ.

ಹಂತ 9: ಪುಣೆ ದಾಟಿ ಕೊಲ್ಹಾಪುರದ ಕಡೆಗೆ

ಬೆಳಗಾವಿ, ಹುಬ್ಬಳ್ಳಿಗೆ ಹೋಗುವವರು ಗಮನಿಸಿ: ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಎಕ್ಸ್‌ಪ್ರೆಸ್‌ವೇಯ ಅಭ್ಯಾಸ ನಡೆಯುವುದಿಲ್ಲ. ಇಲ್ಲಿ ಬೈಕ್, ಟ್ರ್ಯಾಕ್ಟರ್ ಎಲ್ಲವೂ ಇವೆ. ಕಬ್ಬು ನುರಿಸುವ ಕಾಲದಲ್ಲಿ ಸಾತಾರಾ, ಕರಾಡ್, ಕೊಲ್ಹಾಪುರದ ಸುತ್ತ ಜೋಡಿ ಟ್ರಾಲಿ ಎಳೆಯುವ ಟ್ರ್ಯಾಕ್ಟರ್‌ಗಳು ಡಿವೈಡರ್ ಪಕ್ಕದಲ್ಲೇ, ಎಂದರೆ ನಿಮ್ಮ ಓವರ್‌ಟೇಕ್ ಲೇನಿನಲ್ಲೇ, ತೆವಳುತ್ತವೆ. ಯೂ ಟರ್ನ್ ಅಥವಾ ಬಲ ತಿರುವು ಮುಂದಿರುವುದರಿಂದ ಅವು ಅಲ್ಲಿರುತ್ತವೆ. ಹಿಂದೆ ದೀಪವಿರುವುದಿಲ್ಲ, ಕಬ್ಬಿನ ಗರಿ ರಿಫ್ಲೆಕ್ಟರನ್ನೂ ಮುಚ್ಚಿರುತ್ತದೆ. ರಾತ್ರಿ ನಿಮ್ಮ ಹೆಡ್‌ಲೈಟ್ ಬೆಳಕು ಮುಟ್ಟುವ ದೂರದೊಳಗೆ ನಿಲ್ಲಿಸಬಲ್ಲ ವೇಗದಲ್ಲಿ ಮಾತ್ರ ಬಲಗಡೆ ಇರಿ. ಡಿವೈಡರ್ ತೆರೆದ ಜಾಗ ಬರುವ ಮೊದಲು ಎಡಕ್ಕೆ ಬನ್ನಿ.

ಮರಳಿ ಬರುವಾಗ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರು ಕುಖ್ಯಾತ. ಬ್ರೇಕ್ ವಿಫಲವಾದ ಲಾರಿಗಳು ಮುಂದಿನ ಗಾಡಿಗಳನ್ನು ಸಾಲಾಗಿ ಗುದ್ದಿದ ಅಪಘಾತಗಳು ಅಲ್ಲಿ ಮತ್ತೆ ಮತ್ತೆ ಆಗಿವೆ. ಅಲ್ಲಿನ ಫಲಕದ ವೇಗಕ್ಕೆ ಇಳಿದು, ತುಂಬಿದ ಲಾರಿಯ ಮುಂದೆ ಉಳಿಯದಂತೆ ಜಾಗ ಹಿಡಿಯಿರಿ.

ಚಲನ್ ಬಂದರೆ

2024ರಿಂದ ಎಕ್ಸ್‌ಪ್ರೆಸ್‌ವೇ ಉದ್ದಕ್ಕೂ ಕ್ಯಾಮೆರಾ ವ್ಯವಸ್ಥೆ ಇದೆ. ವೇಗವಷ್ಟೇ ಅಲ್ಲ, ಲೇನ್ ಉಲ್ಲಂಘನೆ ಮತ್ತು ಸೀಟ್ ಬೆಲ್ಟ್ ಕೂಡ ಅದರ ಕಣ್ಣಿಗೆ ಬೀಳುತ್ತವೆ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಮೀರಿದರೆ ಕೇಂದ್ರ ಕಾಯ್ದೆಯ ಪ್ರಕಾರ 500ರಿಂದ 1,000 ರೂಪಾಯಿ ದಂಡ, ಅಪಾಯಕಾರಿ ಚಾಲನೆ ಎಂದಾದರೆ ಅದಕ್ಕಿಂತ ಹೆಚ್ಚು. ಚಲನ್ ಸಂದೇಶ ಬರುವುದು ನೋಂದಣಿಯಲ್ಲಿರುವ ಮೊಬೈಲ್ ಸಂಖ್ಯೆಗೆ. ಊರಿನ ನೋಂದಣಿಯ ಕೆಎ ಕಾರನ್ನು ಇಲ್ಲಿ ಓಡಿಸುವವರು ಆ ಸಂಖ್ಯೆ ಈಗಲೂ ಬಳಕೆಯಲ್ಲಿದೆಯೇ ಎಂದು ನೋಡಿಕೊಳ್ಳಿ. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತಬೇಡಿ, ಆ ಹೆಸರಿನಲ್ಲಿ ಮೋಸ ನಡೆಯುತ್ತಿದೆ. ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್‌ನ ಇ-ಚಲನ್ ತಾಣಕ್ಕೆ ನೀವೇ ಹೋಗಿ ಗಾಡಿ ಸಂಖ್ಯೆ ಹಾಕಿ, ಫೋಟೊ ತೆರೆದು ನೋಡಿ. ಕಾರು ನಿಮ್ಮದಲ್ಲದಿದ್ದರೆ ಅಲ್ಲಿಯೇ ತಕರಾರು ದಾಖಲಿಸಬಹುದು. ಡ್ಯಾಶ್‌ಕ್ಯಾಮ್ ಇದ್ದರೆ ಆ ದಿನದ ದೃಶ್ಯ ಅಳಿಸಿಹೋಗುವ ಮೊದಲು ಬೇರೆ ಕಡೆ ಉಳಿಸಿಕೊಳ್ಳಿ.